ಇಎಸ್‌ಐ ಅಂಗವೈಕಲ್ಯ ಸೌಲಭ್ಯ ಪಡೆಯುತ್ತಿರುವವರು ಮತ್ತೆ ಕೆಲಸಕ್ಕೆ ಸೇರುವ ಮುನ್ನ

ಪೀಣ್ಯದ ಕಾರ್ಖಾನೆಗಳಲ್ಲಿ ಪವರ್ ಪ್ರೆಸ್‌ಗೆ ಬೆರಳು ಕೊಟ್ಟವರಲ್ಲಿ ಅನೇಕರು, ಕೆಲಸಕ್ಕೆ ಮರಳಿದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಣ ನಿಂತುಹೋದೀತು ಎಂಬ ಅಂಜಿಕೆಯಿಂದ ಗಾಯ ಮಾಗಿದ ಮೇಲೂ ಮನೆಯಲ್ಲಿ ಉಳಿಯುತ್ತಾರೆ. ಈ ಅಂಜಿಕೆಯಲ್ಲಿ ಅರ್ಧ ಮಾತ್ರ ನಿಜವಿದೆ. ತಾತ್ಕಾಲಿಕ ಸೌಲಭ್ಯಕ್ಕೆ ಒಂದು ನಿಯಮ, ಶಾಶ್ವತ ಸೌಲಭ್ಯಕ್ಕೆ ಇನ್ನೊಂದು.

ಕೆಲಸ ಮಾಡಲಾಗದ ದಿನಗಳಿಗೆ ಸರಾಸರಿ ದಿನಗೂಲಿಯ ಶೇ. 90ರಷ್ಟು ತಾತ್ಕಾಲಿಕ ಸೌಲಭ್ಯವಾಗಿ ದೊರೆಯುತ್ತದೆ. ಸಂಬಳಕ್ಕೆ ದುಡಿದ ದಿನಕ್ಕೂ ಸಂಬಳಸಹಿತ ರಜೆಯ ದಿನಕ್ಕೂ ಇದು ಸಲ್ಲುವುದಿಲ್ಲ. "ಸುಮ್ಮನೆ ಬಂದು ಪೀಸ್ ಎಣಿಸಿ ಹೋಗಿ, ಹಾಜರಿ ಹಾಕುತ್ತೇನೆ" ಎಂದು ಸೂಪರ್‌ವೈಸರ್ ಕರೆದಾಗ ಉಪಕಾರವೆಂದೇ ಅನ್ನಿಸಬಹುದು. ಆದರೆ ಆ ದಿನದ ಹಾಜರಿಯೂ ಅದೇ ದಿನದ ವೈದ್ಯಕೀಯ ಸರ್ಟಿಫಿಕೇಟೂ ಎದುರುಬದುರಾದಾಗ ಉತ್ತರ ಕೊಡಬೇಕಾದವರು ನೀವೇ. ಆದ್ದರಿಂದ ಮೊದಲು ಡಿಸ್ಪೆನ್ಸರಿಯ ವೈದ್ಯರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆದು, ಆಮೇಲೆ ಗೇಟಿನೊಳಗೆ ಕಾಲಿಡಿ. ಈ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕರು ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ.

ಗಾಯ ಮಾಗಿದ ಮೇಲೂ ಊನ ಉಳಿದರೆ, ಗಳಿಕೆಯ ಸಾಮರ್ಥ್ಯ ಶೇಕಡಾ ಎಷ್ಟು ಕುಂದಿದೆ ಎಂಬುದನ್ನು ಮೆಡಿಕಲ್ ಬೋರ್ಡ್ (ವೈದ್ಯರ ಮಂಡಳಿ) ನಿರ್ಧರಿಸುತ್ತದೆ. ಶಾಶ್ವತ ಸೌಲಭ್ಯ ಸಿಗುವುದು ಆ ಲೆಕ್ಕದಂತೆ. ಕಾನೂನಿನ ಅನುಸೂಚಿಯಲ್ಲಿ ಇಡೀ ತೋರುಬೆರಳಿಗೆ ಶೇ. 14, ಹೆಬ್ಬೆರಳಿಗೆ ಶೇ. 30 ಎಂದಿದೆ. ಸರಾಸರಿ ದಿನಗೂಲಿ 600 ರೂಪಾಯಿ ಇದ್ದವರ ಪೂರ್ಣ ದರ ಅದರ ಶೇ. 90, ಎಂದರೆ 540 ರೂಪಾಯಿ. ತೋರುಬೆರಳು ಹೋಗಿದ್ದರೆ ಅದರ ಶೇ. 14, ಎಂದರೆ ದಿನಕ್ಕೆ 75 ರೂಪಾಯಿ 60 ಪೈಸೆ, 30 ದಿನದ ತಿಂಗಳಿಗೆ 2,268 ರೂಪಾಯಿ. ಈ ಹಣ ಜೀವನಪರ್ಯಂತ ಬರುತ್ತದೆ. ಅದೇ ಕಾರ್ಖಾನೆಗೆ ಮರಳಿದರೂ, ಬೊಮ್ಮಸಂದ್ರದಲ್ಲಿ ಹೆಚ್ಚಿನ ಸಂಬಳಕ್ಕೆ ಸೇರಿದರೂ, ಸ್ವಂತ ಅಂಗಡಿ ಹಾಕಿದರೂ ಅದು ನಿಲ್ಲುವುದಿಲ್ಲ. ಹೊಸ ಕೆಲಸವನ್ನು ಮುಚ್ಚಿಡುವ ಅಗತ್ಯವೇ ಇಲ್ಲ. ಬೋರ್ಡಿನ ತೀರ್ಮಾನ ತಾತ್ಕಾಲಿಕವಾಗಿದ್ದರೆ ಮಾತ್ರ ಮರುಪರೀಕ್ಷೆಗೆ ಹೋಗಬೇಕಾಗುತ್ತದೆ, ಅಲ್ಲಿ ಅಳೆಯುವುದು ಕೈಯ ಸ್ಥಿತಿಯನ್ನೇ ಹೊರತು ನಿಮ್ಮ ಸಂಬಳದ ಚೀಟಿಯನ್ನಲ್ಲ.

ಸಾಮಾನ್ಯ ನೌಕರರಿಗೆ ತಿಂಗಳಿಗೆ 21,000 ರೂಪಾಯಿ ಇರುವ ಇಎಸ್‌ಐ ವೇತನ ಮಿತಿ (ಇಎಸ್‌ಐಗೆ ಸೇರಲು ಇರಬಹುದಾದ ಗರಿಷ್ಠ ಸಂಬಳ) ಅಂಗವಿಕಲ ನೌಕರರಿಗೆ 25,000. ಇದಕ್ಕೆ ಸರ್ಕಾರಿ ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಮೆಡಿಕಲ್ ಬೋರ್ಡಿನ ತೀರ್ಮಾನ ಬೇರೆ, ಈ ಪ್ರಮಾಣಪತ್ರ ಬೇರೆ. ಎರಡನ್ನೂ ಒಂದೆಂದು ತಿಳಿದು ಕಚೇರಿಯಿಂದ ಕಚೇರಿಗೆ ಅಲೆಯುವವರು ಕಡಿಮೆಯಿಲ್ಲ.

ಹಳೆಯ ಕೆಲಸ ಸಾಧ್ಯವೇ ಇಲ್ಲದವರಿಗೆ ವೃತ್ತಿ ಪುನರ್ವಸತಿ ತರಬೇತಿಯಿದೆ. ಕೆಲಸದಲ್ಲಾದ ಗಾಯದಿಂದ ಶೇ. 40 ಅಥವಾ ಹೆಚ್ಚಿನ ಊನವಿದ್ದು, ವಯಸ್ಸು 45 ಮೀರಿರದಿದ್ದರೆ, ತರಬೇತಿ ಮುಗಿಯುವವರೆಗೆ ದಿನಕ್ಕೆ 123 ರೂಪಾಯಿ ಅಥವಾ ನಿಜವಾದ ಶುಲ್ಕ, ಯಾವುದು ಹೆಚ್ಚೋ ಅದನ್ನು ಇಎಸ್‌ಐ ಭರಿಸುತ್ತದೆ. ನಿಮ್ಮ ಶಾಖಾ ಕಚೇರಿಗೆ ಹೋಗುವಾಗ ಬೋರ್ಡಿನ ತೀರ್ಮಾನದ ಪ್ರತಿ, ವಿಮಾ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಕೆಲಸ ಬದಲಿಸಿದಾಗ ಸಂಬಳದ ಖಾತೆಯೂ ಬದಲಾಗಿದ್ದರೆ ಅದನ್ನು ಅಂದೇ ಬರೆದು ಕೊಡಿ.