ಓದಿನ ನಡುವೆ ಹಕ್ಕಿ ನೋಡುವುದು ಹೇಗೆ?

ದ್ವಿತೀಯ ಪಿಯುಸಿ ವಿದ್ಯಾರ್ಥಿಗೆ ಬೆಳಿಗ್ಗೆ ಟ್ಯೂಷನ್, ಹಗಲೆಲ್ಲ ಕಾಲೇಜು, ಸಂಜೆ ನೀಟ್–ಸಿಇಟಿ ಕೋಚಿಂಗ್. ನಡುವೆ ಸಿಕ್ಕ ಬಿಡುವನ್ನು ಮೊಬೈಲ್ ನುಂಗುತ್ತದೆ. ಇಷ್ಟರಲ್ಲಿ ಒಂದು ಹವ್ಯಾಸಕ್ಕೆ ಜಾಗ ಆಗಬೇಕೆಂದರೆ ಅದು ದುಡ್ಡು ಕೇಳಬಾರದು, ಮತ್ತೊಂದು ಕ್ಲಾಸಿಗೆ ಸೇರಿಸಬಾರದು, ಅಂಕವನ್ನಂತೂ ಕೊಡಲೇಬಾರದು. ಹಕ್ಕಿ ವೀಕ್ಷಣೆ ಮೂರಕ್ಕೂ ಒಗ್ಗುತ್ತದೆ.

ಲಾಭ ಎಲ್ಲಿಂದ ಬರುತ್ತದೆ? ಗಂಟೆಗಟ್ಟಲೆ ಒಂದಡಿ ದೂರದ ಪುಟದಲ್ಲೇ ನೆಟ್ಟಿದ್ದ ಕಣ್ಣಿನ ಸ್ನಾಯು ದೂರದ ಮರ ನೋಡುವಾಗ ಸಡಿಲಾಗುತ್ತದೆ. ಬೆಳಗಿನ ಬೆಳಕು ಮೈಯೊಳಗಿನ ಗಡಿಯಾರವನ್ನು ಹದಕ್ಕೆ ತರುವುದರಿಂದ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರಲು ಅನುಕೂಲ. ಎಲೆಮರೆಯ ಹಕ್ಕಿಯನ್ನು ಹುಡುಕುತ್ತಿರುವಾಗ ಕಳೆದ ಟೆಸ್ಟಿನ ಅಂಕವನ್ನು ಮೆಲುಕು ಹಾಕಲು ಮನಸ್ಸಿಗೆ ಪುರುಸೊತ್ತೂ ಇರುವುದಿಲ್ಲ.

ಹೊತ್ತು, ಜಾಗ

ವಾರಕ್ಕೆ ಮೂರು ದಿನ, ಸೂರ್ಯ ಹುಟ್ಟಿದ ಮೇಲೆ 20 ನಿಮಿಷ ಸಾಕು. ಒಂಬತ್ತು ಗಂಟೆ ದಾಟಿ ಬಿಸಿಲೇರಿದರೆ ಹಕ್ಕಿಗಳ ಓಡಾಟ ತಗ್ಗುತ್ತದೆ. ತಾರಸಿ, ಹಾಸ್ಟೆಲಿನ ಹಿತ್ತಲು, ಬಸ್ ಸ್ಟಾಪಿನ ಮರ ಯಾವುದಾದರೂ ಆದೀತು. ದಿನವೂ ಅದೇ ಜಾಗ ಇರಲಿ. ಅಲ್ಲಿನ ಕಾಯಂ ಹಕ್ಕಿಗಳು ಪರಿಚಯವಾದ ಮೇಲೆಯೇ ಹೊಸದೊಂದು ಬಂದದ್ದು ಕಣ್ಣಿಗೆ ಬೀಳುವುದು. ಹತ್ತಿರದಲ್ಲಿ ಆಲ, ಅತ್ತಿ ಅಥವಾ ಗಸಗಸೆ ಹಣ್ಣಿನ ಮರವಿದ್ದರೆ ಅದನ್ನೇ ಆರಿಸಿ. ಹಣ್ಣಿನ ಕಾಲದಲ್ಲಿ ಹಕ್ಕಿಗಳೇ ನಿಮ್ಮ ಬಳಿಗೆ ಬರುತ್ತವೆ.

ಮೊದಲು ಐದೇ ಹಕ್ಕಿ

ಹೊಸಬರು ಸೋಲುವುದು ಇಲ್ಲೇ. ಪುಸ್ತಕ ತೆರೆದು ನೂರಾರು ಚಿತ್ರ ನೋಡಿ ದಿಗಿಲುಬೀಳುತ್ತಾರೆ. ಮೊದಲ ಎರಡು ವಾರ ಕಾಗೆ, ಗೊರವಂಕ (ಮೈನಾ), ಪಿಕಳಾರ (ಬುಲ್‌ಬುಲ್), ಹದ್ದು, ಸೂರಕ್ಕಿ (ಸನ್‌ಬರ್ಡ್) ಇವಿಷ್ಟನ್ನೇ ನೋಡಿ.

ಕಾಗೆಯ ಕತ್ತು ಬೂದಿಯೇ, ಕಪ್ಪೇ? ಬೂದಿಯದ್ದು ಊರು ಕಾಗೆ, ಪೂರ್ತಿ ಕಪ್ಪಾದದ್ದು ಕಾಡು ಕಾಗೆ. ಆಕಾಶದಲ್ಲಿ ತೇಲುವ ಕಂದು ಹಕ್ಕಿಯ ಬಾಲದ ತುದಿ ಕವಲೊಡೆದಿದ್ದರೆ ಹದ್ದು. ಬಾಲ ದುಂಡಗಿದ್ದು ತಲೆ, ಎದೆ ಬಿಳಿಯಾಗಿದ್ದರೆ ಗರುಡ. ಪಿಕಳಾರದಲ್ಲಿ ಕೆನ್ನೆಯ ಮೇಲೆ ಕೆಂಪು ಚುಕ್ಕೆ, ನೆತ್ತಿಯಲ್ಲಿ ಚೂಪು ಜುಟ್ಟು ಇರುವುದು ಒಂದು ಬಗೆ, ಇಲ್ಲದ್ದು ಇನ್ನೊಂದು. ಬಾಲದ ಬುಡದ ಕೆಂಪು ಎರಡಕ್ಕೂ ಇರುವುದರಿಂದ ಅದೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ.

ಡೈರಿ

ನೂರು ಪುಟದ ನೋಟ್‌ಬುಕ್, ಒಂದು ಪೆನ್ಸಿಲ್. ದಿನಾಂಕ, ಸಮಯ, ಜಾಗ ಬರೆಯಿರಿ. ಗಾತ್ರವನ್ನು ಸೆಂಟಿಮೀಟರಿನಲ್ಲಿ ಅಂದಾಜು ಮಾಡಲು ಹೋಗದೆ ಗುಬ್ಬಿಯಷ್ಟು, ಗೊರವಂಕದಷ್ಟು, ಕಾಗೆಯಷ್ಟು ಎಂದು ಗುರುತಿಸಿ. ಆಮೇಲೆ ಕೊಕ್ಕು, ಬಾಲ, ಬಣ್ಣ, ಅದು ಮಾಡುತ್ತಿದ್ದ ಕೆಲಸ. ಒಂದು ಗೀಟು ಚಿತ್ರ ಇರಲೇಬೇಕು, ಅದು ಎಷ್ಟು ವಕ್ರವಾದರೂ ಪರವಾಗಿಲ್ಲ. ರೆಕ್ಕೆಯ ಪಟ್ಟೆ ಎಲ್ಲಿತ್ತು ಎಂಬ ಪ್ರಶ್ನೆ ಬರೆಯಲು ಕುಳಿತಾಗಲೇ ಹುಟ್ಟುತ್ತದೆ. ಮರ್ಲಿನ್‌ನಂಥ ಆ್ಯಪ್ ದನಿ ಕೇಳಿ ಹೆಸರು ಸೂಚಿಸುತ್ತದೆ, ಕೆಲವೊಮ್ಮೆ ತಪ್ಪನ್ನೂ ಹೇಳುತ್ತದೆ. ಅದನ್ನು ತೆರೆಯುವುದು ಡೈರಿ ಮುಚ್ಚಿದ ಮೇಲೆ. ಮೊದಲೇ ಮೊಬೈಲ್ ಕೈಗೆ ಬಂದರೆ 20 ನಿಮಿಷ ರೀಲ್ಸ್‌ಗೆ ಹೋಯಿತೆಂದೇ ತಿಳಿಯಿರಿ.

ಬೈನಾಕ್ಯುಲರ್ ಬೇಕೇ?

ಮೊದಲ ತಿಂಗಳು ಬೇಡ. ಆಮೇಲೂ ಆಸಕ್ತಿ ಉಳಿದಿದ್ದರೆ 8x42 ಕೊಳ್ಳಿ: ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರದ ಅಗಲ 42 ಮಿ.ಮೀ. ಹತ್ತು ಪಟ್ಟಿನದ್ದರಲ್ಲಿ ಕೈನಡುಕವೂ ಹಿಗ್ಗುತ್ತದೆ. ಮೊದಲು ಎರಡು ಕೊಳವೆಗಳನ್ನು ಅಗಲಿಸಿ, ಕೂಡಿಸಿ ಒಂದೇ ವೃತ್ತ ಕಾಣುವಂತೆ ಮಾಡಿ. ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗಿಸಿ ದೂರದ ಬೋರ್ಡಿನ ಅಕ್ಷರ ಸ್ಪಷ್ಟವಾಗಿಸಿ. ನಂತರ ಎಡಗಣ್ಣು ಮುಚ್ಚಿ, ಬಲ ಕೊಳವೆಯ ಬಳೆಯನ್ನಷ್ಟೇ ತಿರುಗಿಸಿ. ಇದನ್ನು ಬಿಟ್ಟವರೇ ತಲೆನೋವು ಎಂದು ದೂರುವುದು. ಕನ್ನಡಕದವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ಮಡಚಬೇಕು. ಸೂರ್ಯನತ್ತ ಎಂದೂ ತಿರುಗಿಸಬೇಡಿ.

ಕೆಡುವುದು ಎಲ್ಲಿ

ಪಟ್ಟಿ ಬೆಳೆಸುವ ಹುಚ್ಚು ಹತ್ತಿದರೆ ಹವ್ಯಾಸ ಮತ್ತೊಂದು ರ‍್ಯಾಂಕ್ ಪಟ್ಟಿಯಾಗುತ್ತದೆ. ಗೆಳೆಯ ಐವತ್ತು ಹಕ್ಕಿ ಕಂಡನಂತೆ, ಕಾಣಲಿ ಬಿಡಿ. ‘ಇದಕ್ಕೆ ಸರ್ಟಿಫಿಕೇಟ್ ಸಿಗುತ್ತಾ?’ ಎಂದು ಕೇಳುವ ಪೋಷಕರೂ ಸ್ವಲ್ಪ ಸುಮ್ಮನಿರಬೇಕು. ಫೋಟೊ ಆಸೆಗೆ ಗೂಡಿನ ಬಳಿ ಹೋಗಬೇಡಿ, ರೆಕಾರ್ಡ್ ಮಾಡಿದ ಕೂಗು ಕೇಳಿಸಿ ಹಕ್ಕಿಯನ್ನು ಕರೆಯಬೇಡಿ. ಮರಿ ಮಾಡುವ ಕಾಲದಲ್ಲಿ ಹೀಗೆ ಕೆಣಕಿದರೆ ಗೂಡನ್ನೇ ಬಿಟ್ಟು ಹೋಗಬಹುದು.

ಇದು ಚಿಕಿತ್ಸೆಯಂತೂ ಅಲ್ಲ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಯಿಲ್ಲದಿದ್ದರೆ ಅಥವಾ ಬದುಕೇ ಬೇಡ ಎನಿಸಿದರೆ ತಡಮಾಡದೆ ಮನೆಯವರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಪರೀಕ್ಷೆ ಬಂದಾಗ

ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಾಲ ಕುಣಿಸುತ್ತ ಬರುವ ವಲಸೆ ಹಕ್ಕಿ ಸಿಪಿಲೆಯಿಂದ ಶುರು ಮಾಡಿದವರು ಫೆಬ್ರುವರಿಯ ನಾಲ್ಕು ದಿನಗಳ ಹಕ್ಕಿ ಗಣತಿ ಹೊತ್ತಿಗೆ ಪಳಗಿರುತ್ತಾರೆ. ಕಾಲೇಜು ಆವರಣದಲ್ಲೇ 15 ನಿಮಿಷ ನಿಂತು ಎಣಿಸಿ, ಹಕ್ಕಿ ಎಣಿಕೆ ದಾಖಲಿಸುವ ಜಾಲತಾಣ ಇಬರ್ಡ್‌ಗೆ ಸೇರಿಸಬಹುದು. ಮಾರ್ಚ್‌ನಲ್ಲಿ ಪರೀಕ್ಷೆಯೆಂದು ಪೂರ್ತಿ ನಿಲ್ಲಿಸಬೇಡಿ, ಹತ್ತು ನಿಮಿಷಕ್ಕೆ ಇಳಿಸಿ. ಕೋಗಿಲೆ ಕೂಗುವ ಕಾಲವದು. ‘ಕುಹೂ’ ಎನ್ನುವ ಕಪ್ಪು ಹಕ್ಕಿ ಗಂಡು. ಚುಕ್ಕೆ ಚುಕ್ಕೆಯ ಕಂದು ಹೆಣ್ಣು ಕಾಗೆಯ ಗೂಡಿಗೆ ಹೊಂಚು ಹಾಕುತ್ತಿರುತ್ತದೆ. ಅದನ್ನು ಹುಡುಕಲು ಓದುವ ಕೋಣೆಯ ಕಿಟಕಿಯೇ ಸಾಕು.