ಅಕೌಂಟ್ಸ್ ಮತ್ತು ಉದ್ಯಮ, ಎರಡಕ್ಕೂ ಒಂದೇ ಲೆಡ್ಜರ್: ನನ್ನ ಅನುಭವ

ಬಿಸಿನೆಸ್ ಡಿಗ್ರಿಯಲ್ಲಿ ಅಕೌಂಟಿಂಗ್ ಮತ್ತು ಉದ್ಯಮಶೀಲತೆ ಎರಡನ್ನೂ ತೆಗೆದುಕೊಂಡವರಿಗೆ ಸಿಗುವ ಸಲಹೆ ಗೊತ್ತೇ ಇದೆ. ಎರಡನ್ನೂ ಬೇರೆ ಬೇರೆ ಓದು. ಒಂದರಲ್ಲಿ ಲೆಕ್ಕ ಬಿಡಿಸು, ಇನ್ನೊಂದರಲ್ಲಿ ಐಡಿಯಾ ಹೇಳು. ನಾನು ಎರಡನ್ನೂ ಒಂದೇ ಲೆಡ್ಜರ್‌ಗೆ, ಅಂದರೆ ಒಂದೇ ಲೆಕ್ಕದ ಪುಸ್ತಕಕ್ಕೆ ತಂದೆ. ಪ್ರಾಜೆಕ್ಟ್‌ಗೆ ನಿಜವಾದ ಒಂದು ಸಣ್ಣ ವ್ಯಾಪಾರ ನಡೆಸಿ, ಅಕೌಂಟ್ಸ್‌ನ ಪ್ರತಿ ಅಧ್ಯಾಯವನ್ನೂ ಅದರ ಲೆಕ್ಕದ ಮೇಲೇ ಕಲಿತೆ.

ಆಗ ನಂಬಿದವರು ಕಡಿಮೆ. "ಪರೀಕ್ಷೆಯಲ್ಲಿ ನಿನ್ನ ಅಂಗಡಿ ಲೆಕ್ಕ ಕೇಳಲ್ಲ" ಅಂದರು ಗೆಳೆಯರು. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರು, "ಲೆಕ್ಕ ಬರೆಯೋಕೆ ಆಮೇಲೆ ಯಾರನ್ನಾದ್ರೂ ಇಟ್ಕೋಬಹುದು, ನೀನು ಪಿಚ್ ಮೇಲೆ ಗಮನ ಕೊಡು" ಅಂದರು. ಪಿಚ್ ಅಂದರೆ ಪ್ಯಾನಲ್ ಮುಂದೆ ವ್ಯಾಪಾರದ ಐಡಿಯಾ ಮಂಡಿಸುವುದು. ಕೊನೆಗೆ ಎರಡೂ ಪೇಪರ್‌ಗಳಲ್ಲಿ ನಮ್ಮ ಬ್ಯಾಚ್‌ನ ಮೇಲಿನ ಸಾಲಿನಲ್ಲಿ ನಾನಿದ್ದೆ, ವ್ಯಾಪಾರವೂ ಲಾಭದಲ್ಲಿತ್ತು. ಆದ್ದರಿಂದ ಬರೆಯುತ್ತಿದ್ದೇನೆ.

ವ್ಯಾಪಾರ ಸರಳ. ಫೈನಾನ್ಷಿಯಲ್ ಕ್ಯಾಲ್ಕುಲೇಟರ್ ಮತ್ತು ಹಳೆಯ ಪಠ್ಯಪುಸ್ತಕಗಳನ್ನು ಕೊಂಡು ಜೂನಿಯರ್‌ಗಳಿಗೆ ಸೆಮಿಸ್ಟರ್ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು. ಬಾಡಿಗೆ ಪೂರ್ತಿ ಮುಂಗಡ, ಜೊತೆಗೆ ಡೆಪಾಸಿಟ್. ನಿಜವಾದ ಮೊತ್ತ ಹೇಳುವುದಿಲ್ಲ. ಹಾಕಿದ ಬಂಡವಾಳ 100 ಅಂತ ಇಟ್ಟುಕೊಳ್ಳಿ, ಉಳಿದ ಅಂಕಿಗಳೆಲ್ಲ ಆ ಲೆಕ್ಕದಲ್ಲೇ, ನೆನಪಿನಿಂದ, ಸುಮಾರಾಗಿ. ನನ್ನದು 50, ಇಬ್ಬರು ಗೆಳೆಯರದು ತಲಾ 25. ಕ್ಯಾಲ್ಕುಲೇಟರ್‌ಗೆ 55 ಹೋಯಿತು, ಪುಸ್ತಕಗಳಿಗೆ 40, ಲೇಬಲ್ಲು, ಕವರ್ರು, ರಸೀದಿ ಅಂತ 5.

ಕೆಲವೇ ವಾರಗಳಲ್ಲಿ ಎಲ್ಲವೂ ಬಾಡಿಗೆಗೆ ಹೋದವು. ಬಾಡಿಗೆ 45 ಬಂತು, ಡೆಪಾಸಿಟ್ 60. ಕೈಯಲ್ಲಿ 105 ನಗದು. ಎರಡನೇ ತಿಂಗಳ ಕೊನೆಗೆ ಗೆಳೆಯರಿಬ್ಬರೂ, "ಹಾಕಿದ್ದೆಲ್ಲ ವಾಪಸ್ ಬಂದೇ ಬಿಡ್ತಲ್ಲೋ, ಹಂಚ್ಕೊಳ್ಳೋಣ" ಅಂತ ಕೂತರು. ನಾನು ಆ ರಾತ್ರಿ ಲೆಡ್ಜರ್ ತೆಗೆದು ಬ್ಯಾಲೆನ್ಸ್ ಶೀಟ್ ಬರೆದೆ, ಅಂದರೆ ಒಂದು ಕಡೆ ನಮ್ಮ ಹತ್ತಿರ ಇರುವುದು, ಇನ್ನೊಂದು ಕಡೆ ಅದರಲ್ಲಿ ಯಾರಿಗೆ ಎಷ್ಟು ಸೇರಬೇಕು ಅನ್ನುವುದು. ಈ ಇಡೀ ವಿಧಾನದ ಜೀವಾಳ ಆ ಒಂದು ಹಾಳೆ, ಅದಕ್ಕೇ ಪೂರ್ತಿ ಹೇಳುತ್ತೇನೆ.

ಡೆಪಾಸಿಟ್ 60 ನಮ್ಮದಲ್ಲ, ವಾಪಸ್ ಕೊಡಬೇಕಾದ ಸಾಲ. ಬಾಡಿಗೆ 45 ಬಂದದ್ದು ಐದು ತಿಂಗಳಿಗೆ, ಮುಗಿದದ್ದು ಎರಡು ತಿಂಗಳು. ಅಂದರೆ ದುಡಿದದ್ದು 18 ಮಾತ್ರ, ಉಳಿದ 27 ಇನ್ನೂ ಸೇವೆ ಬಾಕಿ ಇರುವ ಮುಂಗಡ. ಕ್ಯಾಲ್ಕುಲೇಟರ್ ಎಂಟು ಸೆಮಿಸ್ಟರ್ ಬಾಳುತ್ತದೆ ಅಂದರೆ ಸೆಮಿಸ್ಟರ್‌ಗೆ 7ರಷ್ಟು ಸವಕಳಿ (ಬಳಕೆಯಿಂದ ಸವೆದ ಬೆಲೆ), ಎರಡು ತಿಂಗಳಿಗೆ 3. ಪುಸ್ತಕ ನಾಲ್ಕು ಸೆಮಿಸ್ಟರ್ ಅಂದರೆ ಎರಡು ತಿಂಗಳಿಗೆ 4. ಲೇಬಲ್ಲು, ಕವರಿನ ಖರ್ಚು 5. ಎಲ್ಲ ಕಳೆದರೆ ಲಾಭ 6.

ಎರಡೂ ಕಡೆ ಕೂಡಿಸಿ ನೋಡಿ. ಒಂದು ಕಡೆ ನಗದು 105, ಕ್ಯಾಲ್ಕುಲೇಟರ್ 52, ಪುಸ್ತಕ 36, ಒಟ್ಟು 193. ಇನ್ನೊಂದು ಕಡೆ ಡೆಪಾಸಿಟ್ 60, ಮುಂಗಡ ಬಾಡಿಗೆ 27, ಬಂಡವಾಳ 100, ಲಾಭ 6. ಅದೂ 193.

ಅದೇ ಹಾಳೆಯ ಹಿಂದೆ ಕ್ಯಾಶ್ ಫ್ಲೋ, ಅಂದರೆ ನಗದು ಬಂದುಹೋದ ಲೆಕ್ಕ ಬರೆದೆ. ಲಾಭದಿಂದ ಶುರುಮಾಡಿ ನಗದಿನ ಲೆಕ್ಕಕ್ಕೆ ಬರುವ ಇಂಡೈರೆಕ್ಟ್ ಮೆಥಡ್ ಅಂದರೆ ಕ್ಲಾಸಿನಲ್ಲಿ ಅರ್ಧ ಜನ ಬಾಯಿಪಾಠ ಮಾಡುತ್ತಿದ್ದರು. ಇಲ್ಲಿ ಲಾಭ 6, ಅದಕ್ಕೆ ಸವಕಳಿ 7 ಸೇರಿಸು, ಡೆಪಾಸಿಟ್ 60 ಸೇರಿಸು, ಮುಂಗಡ 27 ಸೇರಿಸು, ಸರಿಯಾಗಿ 100. ವಸ್ತು ಕೊಂಡದ್ದು 95 ಹೊರಗೆ, ಬಂಡವಾಳ 100 ಒಳಗೆ, ಕೈಯಲ್ಲಿ ಉಳಿದದ್ದು 105. ನಗದು ಹೊರಹೋಗದ ಖರ್ಚಾದ ಸವಕಳಿಯನ್ನು ಲಾಭಕ್ಕೆ ಯಾಕೆ ವಾಪಸ್ ಸೇರಿಸಬೇಕು ಅಂತ ಆಮೇಲೆ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವತ್ತು ಹಂಚಿಕೊಂಡಿದ್ದರೆ ಸೆಮಿಸ್ಟರ್ ಕೊನೆಗೆ ಡೆಪಾಸಿಟ್ ಕೇಳಲು ಬಂದವರಿಗೆ ಮುಖ ತೋರಿಸಲು ಆಗುತ್ತಿರಲಿಲ್ಲ.

ಒಬ್ಬ ಗೆಳೆಯನಿಗೆ ಇದು ಹಿಡಿಸಲಿಲ್ಲ. ಹಾಕಿದ್ದ 25, ಜೊತೆಗೆ ನಗದಿನಲ್ಲಿ ಕಾಲುಭಾಗ ಕೊಟ್ಟುಬಿಡಿ, ಹೊರಡುತ್ತೇನೆ ಅಂದ. ಸೆಮಿಸ್ಟರ್ ಮುಗಿಯಲಿ ಅಂದೆವು. ಮುಗಿದಾಗ ಲೆಡ್ಜರ್ ಪ್ರಕಾರ ಅವನಿಗೆ ಬಂದದ್ದು ಸುಮಾರು 29. ಪಾಲುದಾರ ಹೊರಹೋಗುವಾಗಿನ ಎಂಟ್ರಿಗಳನ್ನು ಹೀಗೆ ಜಗಳ ಆಡಿಕೊಂಡು ಕಲಿತವರು ಜಾಸ್ತಿ ಇರಲಿಕ್ಕಿಲ್ಲ. ಸ್ನೇಹ ಉಳಿಯಿತು, ಅದು ಮುಖ್ಯ.

ದೊಡ್ಡ ಪೆಟ್ಟು ಬಂದದ್ದು ಪುಸ್ತಕಗಳಿಂದ. ಒಂದು ಕೋರ್ಸಿನ ಪಠ್ಯಪುಸ್ತಕಕ್ಕೆ ಹೊಸ ಆವೃತ್ತಿ ಬಂತು. ನಮ್ಮ ಲೆಡ್ಜರಿನಲ್ಲಿ 12ರ ಬೆಲೆ ಇದ್ದ ಪ್ರತಿಗಳಿಗೆ 2 ಸಿಕ್ಕರೆ ಹೆಚ್ಚು ಅನ್ನುವಂತಾಯಿತು. 10 ಒಂದೇ ಏಟಿಗೆ ಹೋಯಿತು. ಹೊಟ್ಟೆ ಉರಿಯಿತು, ನಿಜ. ಆದರೆ ಆ ವಾರವೇ ನನಗೆ ಐಎಫ್‌ಆರ್‌ಎಸ್ ಅನ್ನುವ ಅಂತರರಾಷ್ಟ್ರೀಯ ಲೆಕ್ಕ ಪದ್ಧತಿಯ ಎರಡು ನಿಯಮಗಳು ಮನಸ್ಸಿಗೆ ಹತ್ತಿದವು. ಬಾಡಿಗೆಗೆ ಇಟ್ಟಿರುವವರೆಗೆ ಅದು ಸ್ಥಿರ ಆಸ್ತಿ, ಬೆಲೆ ಕುಸಿದರೆ ಇಂಪೇರ್‌ಮೆಂಟ್, ಅಂದರೆ ಕುಸಿದಷ್ಟನ್ನು ನಷ್ಟ ಅಂತ ಬರೆಯುವುದು. ಬಾಡಿಗೆ ಮುಗಿದವನ್ನು ಮಾರುವುದು ವ್ಯಾಪಾರದ ವಾಡಿಕೆಯೇ ಆಗಿದ್ದರೆ, ಬಾಡಿಗೆ ನಿಲ್ಲಿಸಿ ಮಾರಾಟಕ್ಕೆ ತೆಗೆದಾಗ ಅದೇ ಪುಸ್ತಕ ಸರಕು. ಆಗ ಸರಕಿನ ನಿಯಮವಾದ ಐಎಎಸ್ 2 ಹೇಳುವಂತೆ, ಲೆಡ್ಜರಿನಲ್ಲಿ ಉಳಿದಿರುವ ಬೆಲೆ ಮತ್ತು ಮಾರಿದರೆ ಖರ್ಚು ಕಳೆದು ಸಿಗುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ವಸ್ತು ಬದಲಾಗಿಲ್ಲ, ಇಟ್ಟಿರುವ ಉದ್ದೇಶ ಬದಲಾಯಿತು ಅಷ್ಟೇ. ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಬಂದಾಗ ನಾನು ಯೋಚಿಸಲೇ ಇಲ್ಲ, ಸುಮ್ನೆ ಬರೆದುಕೊಂಡು ಹೋದೆ.

ಅಲ್ಲಿಂದಾಚೆ ಹಣ ಕ್ಯಾಲ್ಕುಲೇಟರ್ ಕಡೆ ತಿರುಗಿಸಿದೆವು. ಕ್ಯಾಲ್ಕುಲೇಟರ್‌ಗೆ ಹೊಸ ಆವೃತ್ತಿಯ ಕಾಟ ಇಲ್ಲ. ಆವೃತ್ತಿ ಬದಲಾಗುವ ಸುದ್ದಿ ಮೊದಲೇ ತಿಳಿಯಲು ಒಂದು ದಾರಿ ಕಂಡುಕೊಂಡೆ, ಆಮೇಲೆ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಡೆಪಾಸಿಟ್ ಎಷ್ಟಿರಬೇಕು ಅನ್ನುವ ಸೂತ್ರವೂ ನನ್ನ ಹತ್ತಿರವೇ ಇರಲಿ. ಇಷ್ಟು ಹೇಳುತ್ತೇನೆ: ಕಳೆದುಹೋಗುವ ಕ್ಯಾಲ್ಕುಲೇಟರ್ ಇಪ್ಪತ್ತಕ್ಕೆ ಒಂದರಷ್ಟು, ಆ ನಷ್ಟದ ಬಹುಪಾಲು ಡೆಪಾಸಿಟ್‌ನಲ್ಲೇ ತುಂಬುತ್ತಿತ್ತು.

ಪಕ್ಕದ ಪ್ರಯೋಗಗಳೂ ಇದ್ದವು. ನೋಟ್ಸ್ ಮಾರಿ ನೋಡಿದೆವು, ಒಬ್ಬ ಕೊಂಡರೆ ಇಡೀ ತರಗತಿ ಫೋಟೋ ತೆಗೆದುಕೊಳ್ಳುತ್ತಿತ್ತು. ನಿಲ್ಲಿಸಿದೆವು. ಗೆದ್ದದ್ದು ಪರೀಕ್ಷೆ ವಾರದ ಬಾಡಿಗೆ. ಅದಕ್ಕೆ ಧೈರ್ಯ ಕೊಟ್ಟದ್ದು ಜೊಸಾಯ ವೆಡ್ಜ್‌ವುಡ್. ಇಂಗ್ಲೆಂಡಿನ ಈ ಕುಂಬಾರ ಉದ್ಯಮಿಗೆ 1772ರ ಹಿಂಜರಿತದಲ್ಲಿ ಮಾಲು ಹೋಗದೆ ಕಷ್ಟವಾಯಿತು. ಲೆಕ್ಕದ ಪುಸ್ತಕಗಳನ್ನು ತಾನೇ ಕೂತು ಜಾಲಾಡಿದ. ಅಚ್ಚು, ಬಾಡಿಗೆ, ಉರುವಲಿನಂಥ ಖರ್ಚುಗಳು ಮಾಲು ಹೆಚ್ಚು ಮಾಡಿದರೂ ಕಡಿಮೆ ಮಾಡಿದರೂ ಅಷ್ಟೇ ಅಂತ ಕಂಡುಕೊಂಡ. ಅದೇ ಹುಡುಕಾಟದಲ್ಲಿ ಗುಮಾಸ್ತನ ಕಳ್ಳತನವೂ ಸಿಕ್ಕಿತು. ಉದ್ಯಮಿಗೆ ಲೆಕ್ಕ ಬೇಕಿಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ. ನಮ್ಮಲ್ಲೂ ಸುಮ್ಮನೆ ಕೂತ ಕ್ಯಾಲ್ಕುಲೇಟರಿನ ಸವಕಳಿ ನಿಲ್ಲುವುದಿಲ್ಲ. ವಾರಕ್ಕೆ ಕೊಟ್ಟರೆ ಹೆಚ್ಚುವರಿ ಖರ್ಚು ಒರೆಸುವುದು, ಬ್ಯಾಟರಿ ನೋಡುವುದು, ಅಷ್ಟೇ. ಸೆಮಿಸ್ಟರ್ ಬಾಡಿಗೆಯ ಕಾಲುಭಾಗಕ್ಕೆ ಕೊಟ್ಟೆವು, 6ರಷ್ಟು ಹೆಚ್ಚುವರಿ ಬಂತು. ಆದರೆ ಕೆಲವರು ಇದಕ್ಕೇ ಕಾಯತೊಡಗಿದರು. ಅದಕ್ಕೆ ಕೊನೆಯ ವಾರದವರೆಗೆ ಆ ದರವನ್ನು ಯಾರಿಗೂ ಹೇಳದೆ ಇಟ್ಟೆವು.

ಇನ್ನೊಂದು ಮಾತು, ಸಂಬಳದ್ದು. ಮೊದಲ ಸೆಮಿಸ್ಟರ್ ಲಾಭ ಸುಮಾರು 17 ಬಂತು. ಚೆನ್ನಾಗಿದೆ ಅಲ್ವಾ? ಆದರೆ ನಾನು ಪಕ್ಕದಲ್ಲಿ ಇನ್ನೊಂದು ಕಾಲಂ ಇಟ್ಟಿದ್ದೆ. ನಾವು ಮೂವರು ಹಾಕಿದ ಸಮಯಕ್ಕೆ ಒಂದು ಪಾರ್ಟ್ ಟೈಮ್ ಕೆಲಸದ ದರ ಹಾಕಿದರೆ 25ಕ್ಕೂ ಜಾಸ್ತಿ. ಅಂದರೆ ನಿಜದಲ್ಲಿ ನಷ್ಟ. ಪರೀಕ್ಷೆಗೆ ಆ ಕಾಲಂ ಬೇಕಿಲ್ಲ, ಉದ್ಯಮಕ್ಕೆ ಅದೇ ಬೇಕು. ಕೇಳಿದಾಗೆಲ್ಲ ಓಡಿಹೋಗಿ ಕೊಡುವುದು ಬಿಟ್ಟು ಸೆಮಿಸ್ಟರ್‌ನ ಶುರುವಿಗೆ, ಕೊನೆಗೆ ದಿನ ಗೊತ್ತುಮಾಡಿದೆವು. ಸಮಯ ಅರ್ಧಕ್ಕಿಂತ ಕಡಿಮೆಯಾಯಿತು, ಎರಡನೇ ವರ್ಷ ಆ ಕಾಲಂ ಕೂಡ ಲಾಭ ತೋರಿಸಿತು.

ಲೆಡ್ಜರ್ ಕೈಯಲ್ಲೇ ಬರೆಯಿರಿ, ಕನಿಷ್ಠ ಮೊದಲ ಸೆಮಿಸ್ಟರ್. ಸಾಫ್ಟ್‌ವೇರ್‌ನಲ್ಲೂ ಮಾಡಿ ನೋಡಿದೆ. ಡೆಬಿಟ್, ಕ್ರೆಡಿಟ್ ಎರಡೂ ಸಮ ಇದೆಯೇ ಅಂತ ನೋಡುವ ಟ್ರಯಲ್ ಬ್ಯಾಲೆನ್ಸ್ ತಾನೇ ತಾಳೆಯಾಗುತ್ತದೆ, ತಲೆಗೆ ಏನೂ ಹತ್ತುವುದಿಲ್ಲ. 'ಹೀಗಾದರೆ ಏನು' ಅಂತ ನೋಡಲು ಮಾತ್ರ ಸ್ಪ್ರೆಡ್‌ಶೀಟ್. ಅದು ಹುಟ್ಟಿದ್ದೇ ಹಾಗೆ. ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್‌ನಲ್ಲಿ ಎಂಬಿಎ ಓದುವಾಗ, ಬೋರ್ಡಿನ ಮೇಲೆ ಒಂದು ಅಂಕಿ ಬದಲಾದರೆ ಮುಂದಿನದನ್ನೆಲ್ಲ ಅಳಿಸಿ ಬರೆಯುವ ಫಜೀತಿ ನೋಡಿ ಯೋಚನೆ ಹೊಳೆಯಿತು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಮಾಡಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ಕ್ಲಾಸಿನ ಕಿರಿಕಿರಿಯೇ ಒಂದು ಉದ್ಯಮವಾದ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಫೈನಲ್ ಪಿಚ್‌ನಲ್ಲಿ ಬೇರೆಯವರು ಐದು ವರ್ಷದ ಅಂದಾಜು ತೋರಿಸಿದರು. ನಾನು ಲೆಡ್ಜರ್ ತೆರೆದಿಟ್ಟೆ. ಪ್ಯಾನಲ್‌ನವರು ಯಾವುದೋ ಒಂದು ರಸೀದಿ ಸಂಖ್ಯೆ ಹೇಳಿ, ಈ ಡೆಪಾಸಿಟ್ ಎಲ್ಲಿಗೆ ಹೋಯಿತು ಅಂದರು. ಬಂದ ದಿನ, ಲೆಡ್ಜರ್ ಪುಟ, ವಾಪಸ್ ಕೊಟ್ಟ ದಿನ, ಎಲ್ಲ ಬೆರಳಿಟ್ಟು ತೋರಿಸಿದೆ. ಆಮೇಲೆ ಪ್ರಶ್ನೆಗಳು ನಿಂತವು. ಪಿಚ್ ಮೇಲೆ ಗಮನ ಕೊಡು ಅಂದಿದ್ದ ಮೇಷ್ಟ್ರು ಆ ಲೆಡ್ಜರನ್ನು ಮುಂದಿನ ಬ್ಯಾಚ್‌ಗೆ ತೋರಿಸಲು ಕೇಳಿ ಪಡೆದರು.

ಡಿಗ್ರಿ ಮುಗಿಯುವಾಗ ವ್ಯಾಪಾರವನ್ನು ಇಬ್ಬರು ಜೂನಿಯರ್‌ಗಳಿಗೆ ಮಾರಿದೆವು. ಸಾಲ ಕಳೆದ ನಿವ್ವಳ ಆಸ್ತಿ 110ರಷ್ಟಿತ್ತು, ಅವರು ಕೊಟ್ಟದ್ದು 135ರ ಆಸುಪಾಸು. ಹಣ ತೆಗೆದುಕೊಳ್ಳುವ ಮೊದಲು ಅವರ ಕೈಯಲ್ಲೇ ಮೊದಲ ಜರ್ನಲ್ ಎಂಟ್ರಿ ಬರೆಸಿದೆ. ಆಸ್ತಿಗಳಿಗೆಲ್ಲ ಡೆಬಿಟ್ ಬಿತ್ತು, ಬಾಕಿ ಡೆಪಾಸಿಟ್ ಮತ್ತು ನಗದಿಗೆ ಕ್ರೆಡಿಟ್. ಡೆಬಿಟ್ ಕಡೆ 25 ಕಡಿಮೆ ಬಿತ್ತು. ಒಬ್ಬಳು ಸ್ವಲ್ಪ ಹೊತ್ತು ನೋಡಿ, "ಇದು ಗುಡ್‌ವಿಲ್ ತಾನೇ ಅಣ್ಣ, ನಿಮ್ಮ ಲೆಡ್ಜರ್‌ನಲ್ಲಿ ಯಾಕಿಲ್ಲ?" ಅಂದಳು. ನಾವೇ ಬೆಳೆಸಿದ ಹೆಸರನ್ನು ನಮ್ಮ ಲೆಕ್ಕದಲ್ಲಿ ತೋರಿಸುವಂತಿಲ್ಲ, ನೀವು ಹಣ ಕೊಟ್ಟು ಕೊಂಡಿದ್ದೀರಿ, ಅದಕ್ಕೇ ನಿಮ್ಮಲ್ಲಿ ಬರುತ್ತದೆ ಅಂದೆ. ಅವಳು ಬರೆದಳು, ಎರಡೂ ಕಡೆ ತಾಳೆಯಾಯಿತು, ನಾನು ಹಣ ಎಣಿಸಿಕೊಂಡೆ.