ಎನ್‌ಎಫ್‌ಟಿಗೆ ಹೆಸರಿಡುವ ಮುನ್ನ ಟ್ರೇಡ್‌ಮಾರ್ಕ್ ನೋಡಿ

ಎನ್‌ಎಫ್‌ಟಿ ಎಂದರೆ ಡಿಜಿಟಲ್ ಚಿತ್ರದಂಥ ಒಂದು ವಸ್ತುವಿಗೆ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ದಾಖಲೆಯಲ್ಲಿ, ನಮೂದಿಸಿದ ವಿಶಿಷ್ಟ ಟೋಕನ್. ಮಾರಾಟವಾದ ಟೋಕನ್‌ನ ಹೆಸರು ತಪ್ಪಾಗಿದೆ ಎಂದು ಗೊತ್ತಾದರೂ ಅದನ್ನು ವಾಪಸ್ ಪಡೆಯಲು ಬರುವುದಿಲ್ಲ. ಬ್ಲಾಕ್‌ಚೈನ್‌ನ ದಾಖಲೆ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹೆಸರಿನ ಕೆಲಸವೆಲ್ಲ ಮಿಂಟ್ ಮಾಡುವ, ಅಂದರೆ ಟೋಕನ್ ಸೃಷ್ಟಿಸುವ, ಮೊದಲೇ ಮುಗಿಯಬೇಕು.

ಮೊದಲು ಹುಡುಕಾಟ. ಟ್ರೇಡ್‌ಮಾರ್ಕ್ ನೋಂದಣಿ ಇಲಾಖೆಯ ಜಾಲತಾಣದ ಸಾರ್ವಜನಿಕ ಹುಡುಕಾಟದಲ್ಲಿ ಅಕ್ಷರಶಃ ಹುಡುಕಿ ಸುಮ್ಮನಾಗಬೇಡಿ, ಉಚ್ಚಾರಣೆಯ ಆಯ್ಕೆಯಲ್ಲೂ ನೋಡಿ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಬಗೆಯಲ್ಲಿ ಬರೆಯಬಹುದು, ಸಿಕ್ಕಿಬೀಳುವುದು ಅಲ್ಲೇ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಸರಕು, ಸೇವೆಗಳನ್ನು ಸಂಖ್ಯೆಯ ವರ್ಗಗಳಾಗಿ ವಿಂಗಡಿಸಿರುತ್ತಾರೆ. 9, 35, 41, 42ನೇ ವರ್ಗಗಳ ಜೊತೆಗೆ ಚಿತ್ರದಲ್ಲಿರುವ ವಸ್ತುವಿನ ವರ್ಗವನ್ನೂ ನೋಡಿ: ಚರ್ಮದ ಚೀಲವಾದರೆ 18, ಬಟ್ಟೆಯಾದರೆ 25.

ಇದು ಅತಿ ಎಚ್ಚರಿಕೆಯಲ್ಲ. 2021ರ ಡಿಸೆಂಬರ್‌ನಲ್ಲಿ ಮೇಸನ್ ರಾಥ್‌ಸ್ಚೈಲ್ಡ್ ಎಂಬ ಕಲಾವಿದ ತುಪ್ಪಳ ಹೊದಿಸಿದ ಬರ್ಕಿನ್ ಚೀಲಗಳ 100 ಎನ್‌ಎಫ್‌ಟಿಗಳನ್ನು ‘ಮೆಟಾಬರ್ಕಿನ್ಸ್’ ಎಂದು ಮಾರಿದರು. ಬರ್ಕಿನ್ ಚೀಲ ತಯಾರಿಸುವ ಫ್ರಾನ್ಸ್‌ನ ಎರ್ಮೆಸ್ ಕಂಪನಿ ದಾವೆ ಹೂಡಿತು. ಇದು ಕಲೆ ಎಂಬ ವಾದವಾಗಲಿ, ಎರ್ಮೆಸ್‌ಗೂ ನಮಗೂ ಸಂಬಂಧವಿಲ್ಲ ಎಂದು ಜಾಲತಾಣದಲ್ಲಿ ಹಾಕಿದ್ದ ಸಾಲಾಗಲಿ ಅವರನ್ನು ಉಳಿಸಲಿಲ್ಲ. 2023ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಜ್ಯೂರಿ 1,33,000 ಡಾಲರ್ ಪರಿಹಾರ ವಿಧಿಸಿತು. ಅದರಲ್ಲಿ 23,000 ಡಾಲರ್ ಡೊಮೇನ್ ಹೆಸರಿಗೇ, ಅಂದರೆ ಜಾಲತಾಣದ ವಿಳಾಸಕ್ಕೇ. ನಮ್ಮಲ್ಲೂ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 29(4) ಇದೆ. ಹೆಸರುವಾಸಿ ಬ್ರ್ಯಾಂಡ್‌ನ ಕೀರ್ತಿಯನ್ನು ಸಕಾರಣವಿಲ್ಲದೆ ಬಳಸಿಕೊಂಡು ಲಾಭ ಮಾಡಿಕೊಂಡರೆ, ವಸ್ತು ಬೇರೆ ಎಂಬ ಸಮರ್ಥನೆ ಸಾಲದು.

ಹೆಸರು ಖಾಲಿ ಇದೆಯೇ? ಹಾಗಿದ್ದರೆ ನೋಂದಣಿಗೆ ಟಿಎಂ-ಎ ನಮೂನೆಯಲ್ಲಿ ಅರ್ಜಿ ಹಾಕಿ. ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಗುರುತು ಕನ್ನಡ ಲಿಪಿಯಲ್ಲಿದ್ದರೆ ಲಿಪ್ಯಂತರ ಮತ್ತು ಅನುವಾದ ಕೊಡಲೇಬೇಕು.

ಹೆಚ್ಚಿನವರು ಎಡವುವುದು ಸರಕಿನ ವಿವರಣೆಯಲ್ಲಿ. ಬರೀ ‘ಎನ್‌ಎಫ್‌ಟಿ’ ಎಂದು ಬರೆದರೆ ಯಾವ ಸರಕು ಎಂಬುದೇ ತಿಳಿಯುವುದಿಲ್ಲ. ಸರಕು, ಸೇವೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ನೀಸ್ ವರ್ಗೀಕರಣದ, 2023ರಲ್ಲಿ ಜಾರಿಗೆ ಬಂದ 12ನೇ ಆವೃತ್ತಿ 9ನೇ ವರ್ಗದಲ್ಲಿ ಹೇಳುವುದು, ಎನ್‌ಎಫ್‌ಟಿಯಿಂದ ದೃಢೀಕರಿಸಿದ, ಡೌನ್‌ಲೋಡ್ ಮಾಡಬಹುದಾದ ಡಿಜಿಟಲ್ ಫೈಲುಗಳು ಎಂದು. ಅದನ್ನೇ ಅನುಸರಿಸಿ. ಇನ್ನೂ ಮಾರಿಲ್ಲದಿದ್ದರೆ ‘ಬಳಸಲು ಉದ್ದೇಶಿಸಿದೆ’ ಎಂದೇ ನಮೂದಿಸಿ. ಹಿಂದಿನ ಬಳಕೆ ಹೇಳಿಕೊಂಡರೆ ಅಫಿಡವಿಟ್, ಪುರಾವೆ ಎರಡೂ ಬೇಕು. ಅರ್ಜಿಯ ಬಗ್ಗೆ ಇಲಾಖೆಯ ಪರೀಕ್ಷಾ ವರದಿ ಬಂದ ಒಂದು ತಿಂಗಳೊಳಗೆ ಉತ್ತರಿಸಿ. ಇಲಾಖೆಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು.

ಮಾರಾಟದ ಷರತ್ತಿನಲ್ಲಿ ಬ್ರ್ಯಾಂಡ್ ಬಳಕೆಯ ಹಕ್ಕು ಕೊಳ್ಳುವವರಿಗೆ ಇದೆಯೇ ಇಲ್ಲವೇ ಎಂದು ಬರೆದಿಡಿ. ಟೋಕನ್ ಕೊಂಡ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಬರುವುದಿಲ್ಲ.

ನಿಮ್ಮ ಹೆಸರನ್ನೇ ಬೇರೆಯವರು ಮಿಂಟ್ ಮಾಡಿದರೆ ದೂರಿಗಿಂತ ಮೊದಲು ಪುರಾವೆ ಹಿಡಿಯಿರಿ: ಕಾಂಟ್ರಾಕ್ಟ್ (ಟೋಕನ್ ಸೃಷ್ಟಿಸಿದ ಬ್ಲಾಕ್‌ಚೈನ್ ಪ್ರೋಗ್ರಾಂ) ವಿಳಾಸ, ಟೋಕನ್ ಐಡಿ, ವಹಿವಾಟಿನ ಹ್ಯಾಶ್ (ಅದನ್ನು ಗುರುತಿಸುವ ಸಂಕೇತ), ಮೆಟಾಡೇಟಾ (ಟೋಕನ್‌ನ ವಿವರ) ಕೊಂಡಿ, ದಿನಾಂಕ ಕಾಣುವ ಸ್ಕ್ರೀನ್‌ಶಾಟ್. ಪುಟ ಮಾಯವಾದ ಮೇಲೆ ಇವು ಸಿಗುವುದು ಕಷ್ಟ. ನ್ಯಾಯಾಲಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು; ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನು (ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಕೇತ) ತುಂಬಬೇಕು, ಎರಡನೇ ಭಾಗಕ್ಕೆ ತಜ್ಞರು ಸಹಿ ಹಾಕಬೇಕು. ಆಮೇಲೆ ಮಾರುಕಟ್ಟೆ ತಾಣಕ್ಕೆ ಟ್ರೇಡ್‌ಮಾರ್ಕ್ ದೂರನ್ನೇ ಕೊಡಿ, ಕಾಪಿರೈಟ್ ದೂರಲ್ಲ. ತಾಣ ಪಟ್ಟಿಯಿಂದ ತೆಗೆದರೂ ಅದೇ ಟೋಕನ್ ಇನ್ನೊಂದು ತಾಣದಲ್ಲಿ ಕಾಣಿಸಬಹುದು, ಹಾಗಾಗಿ ಪ್ರತಿ ತಾಣಕ್ಕೂ ಬೇರೆ ಬೇರೆ ದೂರು ಬೇಕು.